ಹಡಗಿನ ಮನೆಯ ಮೊಳೆ ಕೀಳುವ ಗದ್ದೆಮ್ಮ

ಬಳಗಾನೂರಿನ ಮೊದಲ ಬಸ್ಸು ಸಿಂಧನೂರಿನ ಹೊರಗಿನ ಸಾಮಿಲ್ಲಿನ ಮುಂದೆ ಅರೆಗಳಿಗೆ ನಿಲ್ಲುತ್ತದೆ. ಇಳಿಯುವವರು ಗದ್ದೆಮ್ಮ ಒಬ್ಬರೇ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಳದಲ್ಲಿ ಒಟ್ಟಿದ ತೊಲೆಗಳ ಪಕ್ಕ ಗೋಣಿಚೀಲ ಹಾಸಿ ಕೂತು, ಒಂದು ತೊಲೆಯ ಮೈಮೇಲೆ ಎರಡೂ ಅಂಗೈ ಇಟ್ಟು ಮೆಲ್ಲಗೆ ಸವರುತ್ತಾರೆ. ಕೈ ಒಂದೆಡೆ ನಿಲ್ಲುತ್ತದೆ. ಅಲ್ಲಿ ಉಳಿ ಇಟ್ಟು ಬಡಿದು, ಇಕ್ಕಳದಲ್ಲಿ ಹಿಡಿದು ಜಗ್ಗಿದರೆ ಗೇಣುದ್ದದ ಮೊಳೆ ಕಿರುಗುಟ್ಟುತ್ತ ಹೊರಬರುತ್ತದೆ. ಸಂಜೆಯೊಳಗೆ ಇಂಥ ಮೊಳೆ ಎರಡು ಬುಟ್ಟಿ ತುಂಬುತ್ತವೆ.

ಈ ತೊಲೆಗಳು ನಮ್ಮ ಕಡೆಯವಲ್ಲ. ಅಮೆರಿಕದ ಸಮುದ್ರದಂಡೆಯಲ್ಲಿ, ಎರಡನೇ ಮಹಾಯುದ್ಧದ ಕಾಲಕ್ಕೆ, ನೌಕಾಪಡೆಯವರು ಗಾಳಿಹಡಗು ನಿಲ್ಲಿಸಲು ಕಟ್ಟಿದ ಕೊಟ್ಟಿಗೆಯವು. ಗಾಳಿಹಡಗೆಂದರೆ ಅನಿಲ ತುಂಬಿದ ಉದ್ದನೆಯ ಬಲೂನು. ಸಮುದ್ರದ ಮೇಲೆ ಹಾರುತ್ತ, ನೀರಿನಡಿ ಬರುವ ಶತ್ರುವಿನ ಹಡಗು ಹುಡುಕುತ್ತಿತ್ತು. ಕಬ್ಬಿಣವೆಲ್ಲ ತೋಪು ಬಂದೂಕಿಗೆ ಬೇಕಾಗಿದ್ದರಿಂದ ಕೊಟ್ಟಿಗೆಯನ್ನು ಮರದಲ್ಲೇ ಎಬ್ಬಿಸಿದರಂತೆ. ಕೆಲವು ವರ್ಷಗಳಿಂದ ಅಂಥವನ್ನು ಒಂದೊಂದಾಗಿ ಕೆಡವಿ ಮಾರುತ್ತಿದ್ದಾರೆ. ಮದ್ರಾಸಿನಿಂದ ಲಾರಿಯಲ್ಲಿ ಸರಕು ತರುವ ಏಜೆಂಟನ ಬಾಯಲ್ಲಿ ಅದು ಸತ್ತ ಎಮ್ಮೆಗೆ ಸೇರು ತುಪ್ಪ ಅನ್ನುವಂತೆ ಹಿಗ್ಗುತ್ತದೆ. ಮಸ್ಕಿಯ ಸಂತೆ ಪೂರಾ ಒಳಗೆ ಕೂತರೂ ಜಾಗ ಉಳಿಯುತ್ತಿತ್ತು ಎನ್ನುತ್ತಾನೆ.

"ಬಲೂನಿಗೆ ಅಂಥಾ ಮನಿ ಕಟ್ಯಾರ ನೋಡ್ರಿ" ಎನ್ನುತ್ತಾರೆ ಗದ್ದೆಮ್ಮ. "ನಮ್ಮದು ಇನ್ನಾ ತಗಡ ಐತಿ."

ಕಾಲುವೆ ನೀರು ಕಂಡ ಊರುಗಳಲ್ಲಿ ಹೊಸ ಮನೆಗಳು ಏಳುತ್ತಿವೆ. ಯುದ್ಧದ ಮರ ಅವುಗಳ ಬಾಗಿಲ ಚೌಕಟ್ಟಾಗುತ್ತಿದೆ. ಗದ್ದೆಮ್ಮನಿಗೆ ಇದರಿಂದ ಚಕ್ಕೆಯಷ್ಟೂ ಲಾಭವಿಲ್ಲ. ಬೇರೆ ಕಟ್ಟಿಗೆಯ ತುಂಡುಗಳನ್ನಾದರೆ ಒಲೆಗೆ ಒಯ್ಯಬಹುದು. ಇದನ್ನು ಬೆಂಕಿ ಹತ್ತಬಾರದೆಂದೇ ಯಾವುದೋ ಉಪ್ಪಿನ ನೀರಲ್ಲಿ ನೆನೆಸಿದ್ದಾರೆ. "ಒಲಿಗಿ ಹಾಕಿದ್ರ ಹತ್ತಂಗಿಲ್ಲ, ಬರೇ ಹೊಗಿ" ಎಂದು ಅಂಗೈ ತೋರಿಸುತ್ತಾರೆ. ಆ ಉಪ್ಪು ತಿಂದು ಅಂಗೈ ಬೇಸಿಗೆಯ ಕೆರೆಯಂತೆ ಬಿರಿದಿದೆ.

ಮೊಳೆಗಿಂತ ಕೆಟ್ಟದ್ದು ಬಳೆ. ತೊಲೆಗೆ ತೊಲೆ ಕೂಡುವಲ್ಲಿ ದುಂಡನೆಯ ತೋಡು ಕೊರೆದು, ನಡುವೆ ಕಬ್ಬಿಣದ ಬಳೆ ಕೂರಿಸಿದ್ದಾರೆ. ಬಳೆ ಪೂರ್ತಿ ದುಂಡಲ್ಲ, ಮಾಡುವಾಗಲೇ ಒಂದು ಕಡೆ ಸೀಳಿ ಬಿಟ್ಟಿರುತ್ತಾರೆ. ಕಬ್ಬಿಣದ ಚೂರೊಂದು ಒಳಗುಳಿದು ಗರಗಸದ ಪಟ್ಟಿಗೆ ಸಿಕ್ಕಿತೆಂದರೆ, ಓಡುತ್ತಿರುವ ಪಟ್ಟಿ ಹರಿದು ಎದುರಿಗೆ ನಿಂತವನ ಮೇಲೆ ಬೀಳುತ್ತದೆ.

ನಾಲ್ಕು ವರ್ಷದ ಹಿಂದೆ, ತೊಂಬತ್ಮೂರರಲ್ಲಿ, ಎದುರಿಗೆ ನಿಂತವನು ಗದ್ದೆಮ್ಮನ ಗಂಡ ಬಾಲಪ್ಪ. ಪಟ್ಟಿ ಕುತ್ತಿಗೆಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

"ಆ ತೊಲಿ ನೋಡಿದಾಕಿ ನಾನ. ಬಳಿ ತುಕ್ಕ ಹಿಡದು ಮುರದಿತ್ತು. ಬೆರಳಷ್ಟು ಚೂರು ಒಳಗ ಉಳದಿತ್ತು. ನನ್ನ ಕೈಯಾಗ ಬಂದ ಬಳಿ ಬಾಯಿ ಬಿಟ್ಟಿದ್ದು ನೋಡಿ, ಅದರ ಮೊದಲಿನ ಸೀಳ ಇದು ಅಂತ ತಿಳಕೊಂಡೆ. ಮಂದಿ ಹಣಿಬರಾ ಅಂದ್ರು. ಹಣಿಬರಾ ಅಲ್ರಿ, ನಾ ಸರಿ ನೋಡಿದ್ದಿಲ್ಲ."

ದಿನಕರ್ಮ ಮುಗಿಯುವ ಮೊದಲೇ ಅವರು ಅದೇ ಅಂಗಳಕ್ಕೆ ಮರಳಿದರು, ಹೊಟ್ಟೆ ಕೇಳಬೇಕಲ್ಲ. ಅಂದಿನಿಂದ ಕಿತ್ತ ಪ್ರತಿ ಬಳೆಯನ್ನೂ ಮತ್ತೆ ತೋಡಿನೊಳಗಿಟ್ಟು, ಚೂರೇನಾದರೂ ಕಡಿಮೆ ಬಿತ್ತೇ ಎಂದು ನೋಡಿಯೇ ತೊಲೆ ಬಿಡುತ್ತಾರೆ.

'ನೋಡಿ' ಎಂದು ಬರೆದದ್ದು ತಪ್ಪು. ಹೋದ ವರ್ಷ ಮೊಳೆಯ ತಲೆ ಸಿಡಿದು ಬಲಗಣ್ಣು ಹೋಗಿದೆ. ಎಡಗಣ್ಣಿನ ನರ ಒಣಗಿದೆ, ಆಪರೇಷನ್ನಿಗೂ ಬರುವುದಿಲ್ಲ ಎಂದು ರಾಯಚೂರಿನ ಡಾಕ್ಟರು ಹೇಳಿ ಕಳಿಸಿದ್ದಾರೆ. ನಾನು ಎದುರಿಗೆ ಕೂತಿದ್ದರೂ ಅವರ ಮುಖ ನನ್ನ ಭುಜದಾಚೆ ಎಲ್ಲೋ ನೆಟ್ಟಿತ್ತು. ಬಿರಿದ ಬೆರಳಿಗೆ ಈಗ ಸ್ಪರ್ಶವೂ ಮಂದ.

ಗರಗಸದ ಮುಂದೆ ಈಗ ನಿಲ್ಲುವವನು ಗೌಸ್‌ಸಾಬ್, ಮೂವತ್ತರ ಪ್ರಾಯದವನು. ಮನೆಯಲ್ಲಿ ಹೆಂಡತಿ ಹುಸೇನ್‌ಬೀ, ಅಂಬೆಗಾಲಿಡುವ ಮಗಳು. ಅವನಿಗೆ ಗದ್ದೆಮ್ಮ ಎಲ್ಲ ಹೇಳಿದ್ದಾರೆ. "ಅಕ್ಕನ ಕೈ ಮ್ಯಾಲ ನಂಗ ಭರೋಸಾ ಐತ್ರಿ" ಎಂದು ನಗುತ್ತಾನೆ ಅವನು. ನನಗೆ ನಗು ಬರಲಿಲ್ಲ.

ಮಿಲ್ಲಿನ ಸಾಹುಕಾರನಿಗೂ ಹೇಳಿದ್ದಾರೆ. "ನಿನ್ನಷ್ಟು ಚಲೋ ಕೆಲಸ ಯಾರ ಮಾಡ್ತಾರಬೇ" ಎಂದು ಬೆನ್ನು ತಟ್ಟಿ ಕಳಿಸಿದನಂತೆ. ಕೆಲಸ ಬಿಟ್ಟುಬಿಡಬಾರದೇ ಎಂದು ಕೇಳಿದೆ. "ನಾ ಬಿಟ್ರ ಮೊಳಿ ಕೀಳಸೂದ ಬಿಡ್ತಾನ್ರಿ ಅವ. ಹಂಗ ಗರಗಸಕ್ಕ ಹಾಕ್ತಾನ" ಎಂದರು.

ಈ ಅಂಕಣದ ರೂಢಿಯಂತೆ, ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯುತ್ತೇನೆ ಅಂದೆ. ಗದ್ದೆಮ್ಮನ ಸುತ್ತಿಗೆ ನಿಂತಿತು.

"ಬ್ಯಾಡ್ರಿ. ಚಲೋ ಬರದ್ರ ಸಾಹುಕಾರ ಅದನ್ನ ಕಟ್ಟ ಹಾಕಿಸಿ ಗ್ವಾಡಿಗಿ ತೂಗ ಹಾಕ್ತಾನ, ನನ್ನ ಇಲ್ಲೇ ಕುಂದರಸ್ತಾನ. ನಂಗ ಕಾಣಂಗಿಲ್ಲಂತ ಬರೀರಿ. ಗೌಸ್‌ಸಾಬನ ಹೆಂಡ್ತಿ ಯಾರ ಕಡೀಂದರ ಓದಿಸಿ ಕೇಳಲಿ. ಕಣ್ಣಿದ್ದಾಕಿ ಒಬ್ಬಾಕಿ ಬಂದು ಇಲ್ಲಿ ಕೂಡಬೇಕು, ಅಷ್ಟ."

ನಿಮ್ಮ ಕೂಲಿ ಹೋಗುತ್ತದಲ್ಲ ಎಂದೆ.

"ಹೋಗ್ಲಿ" ಎಂದು ಮತ್ತೆ ತೊಲೆಯ ಮೇಲೆ ಕೈ ಇಟ್ಟರು. "ಹೆಸರ ಹಾಕಿ ಬರೀರಿ. ಇಲ್ಲಾಂದ್ರ ಬ್ಯಾರೆ ಯಾರೋ ಅಂತಾರ."

ಬರೆದಿದ್ದೇನೆ. ಸಿಂಧನೂರಿನ ಸಾಮಿಲ್ಲಿನಲ್ಲಿ ಮೊಳೆ ಕೀಳುವ ಗದ್ದೆಮ್ಮನಿಗೆ ಕಣ್ಣು ಕಾಣುವುದಿಲ್ಲ.