ಬಾವ ಅಳತೆಗೆ ಬಂದ ಸುಗ್ಗಿ

ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಉಳಿ ಹಿಡಿದ ಮೇಲೆ ಯಾರ ಮುಂದೆಯೂ ಕೈಯೊಡ್ಡಿಲ್ಲ. ಮಲ್ಲಾಪುರದ ಸರಕಾರಿ ಕ್ವಾರ್ಟರ್ಸಿಗೆ ನಾನು ಕೂಡಿಸಿದ ಬಾಗಿಲುಗಳು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ. ಹೀಗಾಗಿ ಕಾರವಾರದ ಹತ್ತಿರ ಚೆಂಡಿಯಾ ಕಡೆ ಅಕ್ಕ, ಬಾವ ಮನೆ ಕಟ್ಟಿಸುವಾಗ ಹೆಂಚಿನ ಮಾಡಿನ ಮರಗೆಲಸ ಬೇರೆಯವರ ಕೈಗೆ ಹೋಗಲು ಬಿಡಲಿಲ್ಲ.

ಎಂಬತ್ತರ ದಶಕದ ಕೊನೆ ಅದು. ನೌಕಾನೆಲೆಗೆ ಜಾಗ ಹೋಗುತ್ತದೆ ಎಂಬ ಮಾತಿತ್ತು. ಯಾರದು, ಎಷ್ಟು, ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಚಹಾ ಅಂಗಡಿಯಲ್ಲಿ ಒಬ್ಬ ಸುದ್ದಿ ತೆಗೆದರೆ ಉಳಿದವರು ಮೀನಿನ ಮಾತಿಗೆ ಹೊರಳುತ್ತಿದ್ದರು. ಗುಡ್ಡದ ಬುಡದಲ್ಲಿ ಯಾರೋ ಬಿಳಿ ಬಳಿದ ಕಲ್ಲುಗಳನ್ನು ನೆಟ್ಟುಹೋಗಿದ್ದರು. ದನ ಮೇಯಿಸುವವರು ಅವನ್ನು ಸುತ್ತುಹಾಕಿ ಹೋಗುತ್ತಿದ್ದರು. ಅಕ್ಕನ ಮನೆಗೆ ಗೋಡೆ ಎದ್ದು, ಮಾಡಿಗೆ ಪಕಾಸಿನ ತೊಲೆ, ರೀಪಿನ ಪಟ್ಟಿ ಕೂತು, ಹೆಂಚು ಅಂಗಳಕ್ಕೆ ಬಂದು ಬಿದ್ದಿತ್ತು. ಹೊದಿಸುವುದೋ ಬೇಡವೋ ಎಂದು ಅವಳು ದಿನವೂ ಕೇಳುತ್ತಿದ್ದಳು. ಬಾವ ನಗುತ್ತಿದ್ದ.

"ಊರು ಎಲ್ಲಿಗೆ ಹೋತದೆ? ಅದ್ಕೆ ಕಾಲಿದ್ಯಾ?"

ಬಾಯಿ ಬಿಡದ ಊರನ್ನು ಮಾತಾಡಿಸಲು ನನಗೆ ಗೊತ್ತಿದ್ದ ದಾರಿ ಹಗರಣದ ಆಟ. ಸುಗ್ಗಿಯಲ್ಲಿ ವೇಷ ಕಟ್ಟಿ, ಗಾಡಿಯ ಮೇಲೆ ಆ ವರ್ಷದ ಸಂಗತಿಗಳನ್ನು ಅಣಕಿಸುತ್ತ ಮನೆಮನೆಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಯಾವ ಮನೆಯನ್ನೂ ಬಿಡುವಂತಿಲ್ಲ, ಯಾರೂ ಸಿಟ್ಟಾಗುವಂತಿಲ್ಲ, ಸಂಜೆಗೆ ಎಲ್ಲ ಕಳಚಬೇಕು. ಮುಂದೆ ಕಾರವಾರದಲ್ಲಿ ಒಮ್ಮೆ ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಚಿತ್ರಗಳು ಗೋಡೆಯ ಮೇಲಿದ್ದವು, ಜನ ದೂರ ನಿಂತಿದ್ದರು. ನಮ್ಮದು ಅಂಗಳಕ್ಕೇ ನುಗ್ಗುವಂಥದ್ದು.

ಈ ಸಲ ಜಾಗ ಅಳೆಯುವುದನ್ನು ತೋರಿಸಿ ಎಂದು ಮೇಳದ ಯಜಮಾನನನ್ನು ಕೇಳಿದೆ. ಮುದುಕನಿಗೆ ಅದು ಸರಿಬರಲಿಲ್ಲ.

"ಆದದ್ದನ್ನ ಆಡ್ಬೇಕು ತಮ್ಮಾ. ಆಗ್ದೆ ಇದ್ದದ್ದನ್ನ ಆಡಿ ಮನೆಗೆ ಕರೂದು ಚಲೋದಲ್ಲ."

"ಗಾಡಿ ನಾ ಕಟ್ಟಿ ಕೊಡ್ತೆ. ಅಧಿಕಾರಿ ವೇಷಕ್ಕೆ ನಮ್ಮ ಬಾವನ್ನ ನಿಲ್ಲಸ್ತೆ."

ಬಾವನ ಹೆಸರು ಕೇಳಿ ಅರೆಮನಸ್ಸಿನಿಂದ ಒಪ್ಪಿದ. ಬಾವ ಬಾಯಿ ತೆರೆದರೆ ಊರು ನಗುತ್ತಿತ್ತು.

ಬಿದಿರು, ತೆಂಗಿನ ಮಡಲಿನಿಂದ ಗಾಡಿಯ ತುಂಬ ಪುಟ್ಟ ಮನೆಗಳನ್ನು ಕಟ್ಟಿದೆ. ಬಾವ ಹಳೇ ಕೋಟು, ಟೊಪ್ಪಿ ಹಾಕಿ, ನಾರಿನ ಹಗ್ಗ ಹಿಡಿದು ಅಳೆಯಲು ಹೊರಟ. ಮೊದಲ ಮನೆಗಳಲ್ಲಿ ನಗೆಯೋ ನಗೆ.

"ಸಾಹೇಬ್ರೇ, ನಮ್ಮತ್ತೆನೂ ಬರ್ಕಣಿ. ಅವ್ರನ್ನೇ ಮೊದ್ಲು ಸಾಗ್ಸಿ," ಎಂದಳು ಒಬ್ಬ ಸೊಸೆ.

"ಸರಕಾರಕ್ಕೂ ಅಷ್ಟು ಧೈರ್ಯ ಇಲ್ಲ ತಂಗಿ," ಎಂದ ಬಾವ.

ಆಮೇಲೆ ಒಬ್ಬ ಅಜ್ಜ ಅಡ್ಡ ಬಂದು ನಿಂತ. ಕೈ ಮುಗಿದಿದ್ದ.

"ಬಾವಿ ಒಂದು ಅಳಿಬ್ಯಾಡಿ. ನಮ್ಮಪ್ಪ ತೋಡದ್ದು."

ಬಾವ ಟೊಪ್ಪಿ ತೆಗೆದು ಮುಖ ತೋರಿಸಿದ. "ಅಜ್ಜಾ, ನಾನು."

"ಗೊತ್ತದೆ ಮಾರಾಯ. ಬೇರೆ ಯಾರ ಹತ್ರ ಹೇಳೂದು?"

ಅಲ್ಲಿಂದ ಮುಂದೆ ಯಾರೂ ನಗಲಿಲ್ಲ. ಬಾವ ಹಗ್ಗ ಬಿಚ್ಚಿದೊಡನೆ ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಗಂಡಸರು ಹತ್ತಿರ ಬಂದು, ಯಾವಾಗ, ಎಲ್ಲಿಗೆ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಗುಮಟೆ ಬಾರಿಸುವವನ ಕೈ ತಾನಾಗಿ ನಿಧಾನವಾಯಿತು. ಊರು ಮಾತಾಡಲಿ ಎಂದು ಬಯಸಿದವನು ನಾನೇ. ಮಾತಾಡಿತು.

ಕೊನೆಗೆ ಅಕ್ಕನ ಮನೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಳಗೆಲ್ಲ ಬಿಸಿಲು, ರೀಪಿನ ನೆರಳು. ಬಾವ ಗೋಡೆಗೆ ಹಗ್ಗ ಹಿಡಿದ.

"ಯಾರ ಮನೆ ಇದು?"

ಅಕ್ಕ ಗಂಡನನ್ನು ನೋಡಲಿಲ್ಲ, ಹಗ್ಗವನ್ನು ನೋಡಿದಳು.

"ಹೆಂಚು ಹೊದ್ಸೂದೋ ಬ್ಯಾಡ್ವೋ? ಅದೊಂದು ಹೇಳಿ ಹೋಗಿ, ಸಾಹೇಬ್ರೇ."

ಬಾವ ಹಗ್ಗ ಸುತ್ತಿಕೊಂಡು ಅಂಗಳ ಇಳಿದ.

ಕೆಲವು ದಿನ ಬಿಟ್ಟು ಅವನೇ ಹೇಳಿಕಳಿಸಿದ, ಹೊದಿಸುವಾ ಬಾ ಎಂದು. ಎರಡು ಮಗ್ಗುಲೂ ಮುಗಿದ ಮೇಲೆ ಮಾಡಿನ ನೆತ್ತಿಯ ಹೆಂಚು ಕೂಡಿಸಲು ಸಿಮೆಂಟು ಕಲಸಹೋದೆ. ಬಾವ ಕೈ ಹಿಡಿದ.

"ನೆತ್ತಿಗೆ ಸಿಮೆಂಟು ಬ್ಯಾಡ. ಹಾಗೇ ಕೂಡ್ಸು."

"ಗಾಳಿಗೆ ಹಾರ್ತದೆ ಬಾವ."

"ಬಿಚ್ಚೂಕೆ ಸುಲಭ ಆಗ್ಬೇಕು."

ಕೆಳಗಿದ್ದ ಅಕ್ಕನಿಗೆ ಕೇಳಿಸಿತು. ಮುಂದಿನ ಹೆಂಚು ಎತ್ತಿಕೊಟ್ಟಳು. ನನ್ನ ಕೈಕೆಲಸದಲ್ಲಿ ಸಡಿಲ ಬಿಟ್ಟ ಮಾಡು ಅದೊಂದೇ. ಆ ಮಳೆಗಾಲವಿಡೀ ಕಡಲಗಾಳಿ ಎದ್ದಾಗಲೆಲ್ಲ ನೆತ್ತಿಯ ಹೆಂಚುಗಳು ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ಅಕ್ಕ ಬಡಿಸುವ ಕೈ ನಿಲ್ಲಿಸಿ ಮೇಲೆ ನೋಡುತ್ತಿದ್ದಳು. ಬಾವ ತಲೆ ಎತ್ತದೆ ಉಣ್ಣುತ್ತಿದ್ದ.