ಗೋವಾದಲ್ಲಿ ಇಳಿದ ಗಾಡಿಯ ಜಾತಕ

ಅವರ ಬಲಗೈ ಹೆಬ್ಬೆರಳಿನ ಉಗುರು ಕಪ್ಪೆಚಿಪ್ಪಿನಂತೆ ದಪ್ಪಗೆ, ಬಾಗಿಕೊಂಡು ಬೆಳೆದಿತ್ತು. ಉಳಿದ ಉಗುರುಗಳನ್ನು ರವಿವಾರಕ್ಕೊಮ್ಮೆ ತಪ್ಪದೆ ಕತ್ತರಿಸುತ್ತಿದ್ದವರು ಅದೊಂದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಸಾಕಿದ್ದರು. ಹಳೆಯ ಮೋಟಾರು ಕಂಡರೆ ಮೊದಲು ಆ ಉಗುರು ಮುಂದೆ ಹೋಗುತ್ತಿತ್ತು, ಅದರ ಹಿಂದೆ ಅವರು. ಬಾಗಿಲು ತೆರೆದು, ಅದರ ಕೆಳಗಿನ ಅಂಚಿನಲ್ಲಿ ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿ, ಬಣ್ಣವನ್ನು ಪದರ ಪದರವಾಗಿ ಕೆರೆಯುತ್ತಿದ್ದರು. ಮೇಲೆ ಬಿಳಿ, ಅದರ ಕೆಳಗೆ ನೀಲಿ, ಎಲ್ಲಕ್ಕಿಂತ ಕೆಳಗೆ ಕರಿ. "ಹಡಗದಿಂದ ಇಳದಾಗ ಇದು ಕರೇದಿತ್ತು" ಎಂದು ತೀರ್ಪು ಹೊರಬೀಳುತ್ತಿತ್ತು. ಆ ತೀರ್ಪಿಗೆ ಮೇಲ್ಮನವಿ ಇರಲಿಲ್ಲ.

ಮುಂಬೈ ಬಂದರಿನಲ್ಲಿ, ಹಡಗಿನಿಂದ ಇಳಿದ ಮಾಲು ತಪಾಸಿಸುವ ಕಚೇರಿಯಲ್ಲಿ ನೌಕರಿ ಮುಗಿಸಿ ನಿಪ್ಪಾಣಿಗೆ ಮರಳಿದ್ದರಿಂದ ಎಲ್ಲರಿಗೂ ಅವರು ಬಂದರಿನ ಕಾಕಾ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಗುಲಾಬಿ ಗಿಡಕ್ಕೆ ಗೊಬ್ಬರ ಬೇಕೆಂದು ಚಿಕ್ಕೋಡಿಯ ನನ್ನ ಅಂಗಡಿಗೆ ಬಂದರು. ಗೊಬ್ಬರ ತೂಗುವಷ್ಟರಲ್ಲಿ, ನನ್ನ ಗಿರಾಕಿಗಳ ಪೈಕಿ ಯಾರ ಶೆಡ್ಡಿನಲ್ಲಿ ಹಳೆಯ ಗಾಡಿ ಇದೆ ಎಂದು ವಿಚಾರಿಸಿದರು. ಬೀಜ-ಗೊಬ್ಬರ ಮಾರುವವನಿಗೆ ಅಥಣಿಯಿಂದ ರಾಯಬಾಗದವರೆಗೆ ಯಾರ ಮನೆಯ ನಾಯಿಯೂ ಬೊಗಳುವುದಿಲ್ಲ. ಆ ಸೌಲಭ್ಯವನ್ನು ನಾನು ಅವರ ಪಾದಕ್ಕೆ ಅರ್ಪಿಸಿದೆ.

ನಮ್ಮ ಶೋಧನೆಗೆ ಮುಹೂರ್ತವೆಂದರೆ ಖಂಡೇನವಮಿಯ ಆಯುಧಪೂಜೆ. ಸತ್ತ ಗಾಡಿಯಾದರೂ ಸರಿ, ಅಂದು ಅದರ ಮೇಲಿನ ತಾಡಪತ್ರಿ ಸರಿಯಲೇಬೇಕು. ಮೈ ತೊಳೆಸಿಕೊಂಡು, ಚೆಂಡು ಹೂವಿನ ಮಾಲೆ ಹಾಕಿಸಿಕೊಂಡು, ಗಾಲಿಯ ಕೆಳಗೆ ಲಿಂಬೆಹಣ್ಣು ಇಡಿಸಿಕೊಂಡು ಕೂಡಲೇಬೇಕು. ವರ್ಷವಿಡೀ ಮುಚ್ಚಿಟ್ಟದ್ದು ಆ ಒಂದು ದಿನ ಬೀದಿಗೆ ಕಾಣುತ್ತದೆ. ಪೂಜೆಯ ಮನೆಗೆ ಬಂದವರನ್ನು ಯಾಕೆ ಬಂದಿರಿ ಎಂದು ಯಾರೂ ಕೇಳುವುದೂ ಇಲ್ಲ. ನನ್ನ ಸ್ಕೂಟರಿನ ಹಿಂದೆ ಕಾಕಾ ಧೋತರ ಸಾವರಿಸಿಕೊಂಡು ಕೂತರೆ, ಕುಡಚಿ, ಉಗಾರ, ಅಥಣಿ ಎಲ್ಲ ಸುತ್ತಿ ಹೊತ್ತು ಮುಳುಗುವ ಮೊದಲು ಮನೆ ಸೇರುತ್ತಿದ್ದೆವು.

ದಾರಿಯಲ್ಲಿ ಪಾಠ. "ಯುದ್ಧ ಗೆದ್ದ ಇಂಗ್ಲೀಷರ ಹಂತೇಲಿ ರೊಕ್ಕಿರಲಿಲ್ಲ ತಮ್ಮಾ. ಮಾಡಿದ ಗಾಡಿ ಎಲ್ಲಾ ಪರದೇಶಕ್ಕ ಕಳಿಸಿ, ತಾವು ಸೈಕಲ್ ತುಳದ್ರು. ನಾವು ಎಮ್ಮಿ ಹಾಲು ಡೇರಿಗೆ ಹಾಕಿ ಮಕ್ಕಳಿಗೆ ಕರೇ ಚಾ ಕೊಡತೀವಲ್ಲ, ಹಂಗ."

ಎದುರಿನ ದೀಪಗಳು ಮಡ್‌ಗಾರ್ಡಿನ ಮೇಲೆ ಮಲಗಿಸಿದ ತಂಬಿಗೆಯಂತೆ ಬೇರೆಯಾಗಿ ಕೂತಿದ್ದರೆ, ಯುದ್ಧ ಮುಗಿದ ಗಡಿಬಿಡಿಯಲ್ಲಿ ಹಳೆಯ ಅಚ್ಚಿನಲ್ಲೇ ಬಡಿದ ಗಾಡಿ. ದೀಪ ಮೈಯೊಳಗೆ ಸೇರಿಕೊಂಡಿದ್ದರೆ ಅದಕ್ಕಿಂತ ಈಚಿನದು. ಇಂಜಿನ್ನಿನ ಹಿಂದಿನ ತಗಡಿಗೆ ಬಡಿದ ಹಿತ್ತಾಳೆ ಪಟ್ಟಿಯ ನಂಬರು ಓದದೆ ಬಾಯಿ ಬಿಡಬಾರದು. ವೇಗದ ಕಾಟಾ ಮೈಲಿ ತೋರಿಸಿದರೆ ಗಾಡಿ ಮುಂಬೈಯಲ್ಲಿ ಇಳಿದದ್ದು. ಸ್ಟೇರಿಂಗು ನಮ್ಮಂತೆ ಬಲಕ್ಕಿದ್ದು ಕಾಟಾ ಕಿಲೋಮೀಟರಿನದಾಗಿದ್ದರೆ? ಆಗ ಅದು ಗೋವಾದಲ್ಲಿ ಇಳಿದು ಘಾಟು ಹತ್ತಿ ಬಂದದ್ದು. ಪೋರ್ಚುಗೀಜರು ರಸ್ತೆಯ ಎಡಕ್ಕೇ ಓಡಿಸಿದರೂ ದೂರವನ್ನು ತಮ್ಮ ಲೆಕ್ಕದಲ್ಲೇ ಅಳೆಯುತ್ತಿದ್ದರಂತೆ. "ಅಂಥಾದ್ದು ಕಾಗದದಾಗ ಕಂಡೀನಿ, ಕಣ್ಣೀಲೆ ಕಂಡಿಲ್ಲ. ಸಿಕ್ಕರ ನನ್ನ ಜನ್ಮ ಸಾರ್ಥಕ ನೋಡು" ಎನ್ನುತ್ತಿದ್ದರು.

ಬೆಲೆ ಮಾತ್ರ ಹೇಳುತ್ತಿರಲಿಲ್ಲ. ಕುಡಚಿಯ ಮಾಲೀಕರೊಬ್ಬರು, "ಎಷ್ಟಕ್ಕ ಹೋದೀತ್ರಿ ಚಾಚಾ?" ಎಂದು ಕೇಳಿದಾಗ ಕಾಕಾ ಕೈಯೆತ್ತಿ ಹೇಳಿದ್ದರು: "ನಾ ಜಾತಕ ಹೇಳಾಂವ್ರಿ. ಮದವಿ ಮಾಡಸಾಂವ ಅಲ್ಲ." ಅಂದಿನಿಂದ ಅವರು ನನಗೆ ಕಾರುಗಳ ಹರಿಶ್ಚಂದ್ರ.

ಇಂಥ ಹರಿಶ್ಚಂದ್ರನನ್ನು ರಾಯಬಾಗದ ಅಕ್ಕನ ಮನೆಗೆ ಕರೆದೊಯ್ಯದೆ ಇರುವುದು ಹೇಗೆ? ಭಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಕ್ಕನ ಮಾವನವರು ಕೊಂಡ ಕರಿ ಗಾಡಿ ಹಿತ್ತಲಿನ ಶೆಡ್ಡಿನಲ್ಲಿತ್ತು. ಮದುಮಗಳಾಗಿ ಅಕ್ಕ ಆ ಮನೆಗೆ ಬಂದದ್ದು ಅದರಲ್ಲೇ. ವರ್ಷವೆಲ್ಲ ಅದನ್ನು ಕೋಳಿಗಳಿಗೆ ಬಿಟ್ಟುಕೊಟ್ಟರೂ ಖಂಡೇನವಮಿಗೆ ತಾನೇ ಸೆರಗು ಸಿಕ್ಕಿಸಿ ತೊಳೆಯುತ್ತಿದ್ದಳು.

ಕಾಕಾ ಕೆರೆದರು. ಹಿತ್ತಾಳೆ ಪಟ್ಟಿ ಒರೆಸಿ ಓದಿದರು. ನಾನು ಕಿಟಕಿಯೊಳಗೆ ತಲೆ ಹಾಕಿದವನು ಕೂಗಿಯೇಬಿಟ್ಟೆ. "ಕಾಕಾರಿ, ಬಲಗಡೆ ಸ್ಟೇರಿಂಗು, ಕಿಲೋಮೀಟರ್ ಕಾಟಾ!"

ಅವರು ನನ್ನ ಕಡೆ ನೋಡಲಿಲ್ಲ. "ಕಾಟಾ ಬದಲಿ ಮಾಡ್ಯಾರ" ಎಂದರು. ಆಮೇಲೆ ಅಕ್ಕನಿಗೆ: "ತಂಗೀ, ಇದು ಜೋಡಗಾಡಿ. ಮುಂದಿಂದು ಒಂದರದು, ಹಿಂದಿಂದು ಮತ್ತೊಂದರದು. ನಂಬರ್ ಖೊಟ್ಟಿ. ಇಂಥಾದ್ದು ಮನ್ಯಾಗ ಇಡಬಾರದು, ನಾಳೆ ಪೊಲೀಸರ ಲಫಡಾ ಆಗತೈತಿ."

"ನಮ್ಮ ಮಾವನಾರು ತಂದಿದ್ದರಿ ಅದನ್ನ. ಕಳವಿನ ಮಾಲು ಅಂತೀರೇನು?"

"ಅವರಿಗೂ ಗೊತ್ತಿರಲಿಕ್ಕಿಲ್ಲ ಬಿಡವಾ" ಎಂದರು ಕಾಕಾ, ಬಹಳ ಮೆತ್ತಗೆ.

ಅಕ್ಕ ನನ್ನ ಮುಖ ನೋಡಿದಳು. "ಹೌದೇನೋ?"

"ಕಾಕಾ ಅಂದ್ರ ಮುಗೀತಕ್ಕಾ" ಎಂದೆ. ಅವರು ಅಕ್ಕನ ಕೈಯ ಹೋಳಿಗೆ ತಿಂದು, ಎರಡನೆಯ ಸಲ ತುಪ್ಪ ಹಾಕಿಸಿಕೊಂಡರು.

ದೀಪಾವಳಿ ದಾಟುವಷ್ಟರಲ್ಲಿ ಮಿರಜದ ಕಡೆಯ ಗುಜರಿಯವನೊಬ್ಬ ತಾನಾಗಿಯೇ ದಾರಿ ಕೇಳಿಕೊಂಡು ಬಂದ. ಅಕ್ಕ ಗಾಡಿಗೆ ಕುಂಕುಮ ಹಚ್ಚಿ ಒಳಗೆ ಹೋದವಳು, ಗಾಡಿ ಹೇರಿದ ಟೆಂಪೋ ಓಣಿ ದಾಟುವವರೆಗೆ ಹೊರಬರಲಿಲ್ಲ.

ಮೂರು-ನಾಲ್ಕು ವರ್ಷ ಕಳೆದವು. ವ್ಯಾಪಾರದ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೋದವನು ಮೈದಾನದಲ್ಲಿ ಹಳೆಯ ಕಾರುಗಳ ಮೇಳ ನಡೆದಿದೆ ಎಂದು ಕೇಳಿ ಹೋದೆ. ಕಲಿತ ವಿದ್ಯೆ ಸುಮ್ಮನಿರುತ್ತದೆಯೇ! ನಡುವೆ ಹಗ್ಗ ಕಟ್ಟಿ ನಿಲ್ಲಿಸಿದ ಕರಿ ಗಾಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಬಲಕ್ಕೆ ಸ್ಟೇರಿಂಗು, ಕಿಲೋಮೀಟರ್ ಕಾಟಾ. ಕಾಟಾದ ಮಗ್ಗುಲಲ್ಲಿ ಎರಡು ಸಣ್ಣ ತೂತು, ಒಂದು ಮೇಲೆ, ಒಂದು ಸೊಟ್ಟಗೆ ಕೆಳಗೆ. ಊದಿನಕಡ್ಡಿಯ ಸ್ಟ್ಯಾಂಡು ಕೂಡಿಸಲೆಂದು ಭಾವ ತಾವೇ ಕೊರೆದ ತೂತುಗಳು. ಭಾವನ ಕೈಗೆಲಸ ಎಂದೂ ನೆಟ್ಟಗಿದ್ದದ್ದಿಲ್ಲ.

ಗಾಡಿಯ ಪಕ್ಕದಲ್ಲಿ ಕೇಸರಿ ಪೇಟಾ ಸುತ್ತಿಸಿಕೊಂಡು, ಮೈಕು ಹಿಡಿದು ನಿಂತವರು ಬಂದರಿನ ಕಾಕಾ. ಶುದ್ಧ ಮರಾಠಿಯಲ್ಲಿ ಜಾತಕ ಓದುತ್ತಿದ್ದರು: ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಿಂದ ಹೊರಟದ್ದು, ಗೋವಾದ ಬಂದರಿನಲ್ಲಿ ಇಳಿದದ್ದು, ಘಾಟು ಹತ್ತಿ ಬಂದದ್ದು, ಒಂದು ಮೊಳೆಯೂ ಬದಲಾಗದ ಅಸಲಿ ಮಾಲು. ಗಾಡಿಯ ಹೊಸ ಧಣಿ ಎದೆಯುಬ್ಬಿಸಿ ಪಕ್ಕದಲ್ಲಿದ್ದ. ಮಂದಿ ಚಪ್ಪಾಳೆ ತಟ್ಟಿದರು. ಅಭ್ಯಾಸಬಲದಿಂದ ನನ್ನ ಕೈಯೂ ಅರ್ಧ ಮೇಲೆದ್ದಿತ್ತು.

ಮೈಕು ಕೆಳಗಿಟ್ಟ ಮೇಲೆ ಹತ್ತಿರ ಹೋದೆ. "ಜೋಡಗಾಡಿ ಅಂದಿದ್ರಲ್ರಿ ಕಾಕಾ?"

ಅವರು ಬೆಚ್ಚಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟರು. "ನಿಮ್ಮಕ್ಕನ ಶೆಡ್ಡಿನ್ಯಾಗ ಇದರ ಸೀಟಿನ ಮ್ಯಾಲ ಕೋಳಿ ತತ್ತಿ ಇಡತಿದ್ದು ತಮ್ಮಾ. ಅಸಲಿ ಅಂದಿದ್ರ ಆಕಿ ಜೀವ ಹೋದ್ರೂ ಬಿಡತಿರಲಿಲ್ಲ. ಈಗ ನೋಡು ಹೆಂಗ ಹೊಳ್ಯಾಕತ್ತೈತಿ! ಗಾಡಿ ಉಳೀತೋ ಇಲ್ಲೋ?"

"ಗಾಡಿ ಉಳೀತ್ರಿ. ಅಕ್ಕನ ಮನ್ಯಾಗ ಇನ್ನ ನಾ ಉಳಿಯಂಗಿಲ್ಲ."

"ಹುಚ್ಚ ಅದಿ ನೀ" ಎಂದರು. ಅಷ್ಟರಲ್ಲಿ ಯಾರೋ ಫೋಟೋಕ್ಕೆ ಕರೆದರು. ಪೇಟಾ ಸರಿಮಾಡಿಕೊಂಡು ಹೋದರು. ಅವರು ಹಣಕ್ಕಾಗಿ ಸುಳ್ಳು ಹೇಳಿದ್ದರೆ ನನಗೆ ಅರ್ಥವಾಗುತ್ತಿತ್ತು, ನಾನೂ ಅಂಗಡಿಯವನೇ. ಗಾಡಿಯ ಮೇಲಿನ ಪ್ರೀತಿಗಾಗಿ ಹೇಳಿದ್ದರು. ಆ ಪ್ರೀತಿಯಲ್ಲಿ ನನ್ನ ಅಕ್ಕನ ಸ್ಥಾನ ಕೋಳಿಗಿಂತ ಒಂದು ಮೆಟ್ಟಿಲು ಕೆಳಗೆ. ನನ್ನದು ಬಹುಶಃ ತತ್ತಿಯ ಪಕ್ಕದಲ್ಲಿ.

ಅಂದೇ ರಾಯಬಾಗಕ್ಕೆ ಹೋಗಿ ಅಕ್ಕನಿಗೆ ಹೇಳಿದೆ. ಆಕೆ ಎದ್ದು ಮಾವನವರ ಫೋಟೋದ ಮುಂದೆ ನಿಂತಳು.

"ಗಾಡಿ ಹೋದ್ರ ಹಾಳಾಗಿ ಹೋಗ್ಲಿ. ಮಾವನಾರ ಫೋಟೋಕ್ಕ ಹೂವ ಏರಿಸುವಾಗೆಲ್ಲಾ, ಈ ಮನಶ್ಯಾ ಕಳವಿನ ಮಾಲು ತಂದಿದ್ನೇನೋ ಅಂತ ಸಂಶೇ ಪಟ್ಟೀನಲ್ಲೋ, ಇಷ್ಟು ವರ್ಷ. ಸತ್ತವರನ್ನ ಕಳ್ಳರನ್ನ ಮಾಡಿ ಹೋದ ಅಂವಾ. ನಿನ್ನ ಕೈ ಹಿಡಕೊಂಡು ಬಂದು!"

ಆಮೇಲೆ ಅಕ್ಕ ನನ್ನನ್ನು ಬಯ್ಯಲಿಲ್ಲ. ಬೀಜ-ಗೊಬ್ಬರ ಮಾತ್ರ ರಾಯಬಾಗದಲ್ಲೇ ಕೊಳ್ಳತೊಡಗಿದಳು. ನಾನು ತೊಗರಿ ಚೆನ್ನಾಗಿದೆ ಎಂದರೂ ಬಾಯಿಗೆ ಹಾಕಿ ಕಡಿದು ನೋಡಿ, "ಹೂಂ" ಎನ್ನುತ್ತಿದ್ದಳು.

ಕಾಕಾ ತೀರಿಕೊಂಡ ಸುದ್ದಿಯನ್ನು ಅವರ ಮಗ ಫೋನಿನಲ್ಲಿ ತಿಳಿಸಿದ. ಹೋಗಬಾರದೆಂದು ತೀರ್ಮಾನಿಸಿ, ಅಂಗಡಿ ಮುಚ್ಚಿ, ನಿಪ್ಪಾಣಿಗೆ ಹೋದೆ. ದಾರಿಯಲ್ಲಿ ಒಂದು ಮನೆಯ ಗೋಡೆಯಾಚೆ ಹಳೆಯ ಗಾಡಿಯ ದೀಪವೊಂದು ಕಂಡಿತು. ಕಂಡ ಕೂಡಲೇ ಅದರ ವರ್ಷ, ಅದು ಇಳಿದ ಬಂದರು ಮನಸ್ಸಿಗೆ ಬಂದವು. ಈ ಕಣ್ಣು ಅವರು ಕೊಟ್ಟದ್ದು. ಅದನ್ನು ಕಿತ್ತು ಅವರ ಬಾಗಿಲಿಗೆ ಎಸೆಯುವ ಉಪಾಯ ನನಗೆ ತಿಳಿದಿಲ್ಲ. ಎಲ್ಲರಂತೆ ನಾನೂ ಹೆಗಲು ಕೊಟ್ಟೆ.

ಅಲ್ಲಿಂದ ನೇರ ರಾಯಬಾಗಕ್ಕೆ. ಸುದ್ದಿ ಕೇಳಿದ ಅಕ್ಕ ಒಳಗೆ ಬಿಡದೆ ಹಿತ್ತಲಲ್ಲೇ ಜಳಕ ಮಾಡಿಸಿದಳು. ಚಹಾ ಕೊಟ್ಟು ಎದುರಿಗೆ ಕೂತಳು.

"ಮಂದಿ ಮುಂದ ಮೈಕಿನ್ಯಾಗ ಏನೇನ ಹೇಳಿದ್ದ ಅಂವಾ, ನಮ್ಮ ಗಾಡಿದು? ಪೂರಾ ಹೇಳು."

ಹೇಳಿದೆ. ಹಡಗು, ಗೋವಾ, ಘಾಟು, ಒಂದು ಮೊಳೆಯೂ ಬದಲಾಗದ್ದು. ಮಾವನವರು ಕೊಂಡದ್ದು ಬಂಗಾರದಂಥ ಮಾಲು ಎಂದು ನಾನೇ ಒಂದು ಮಾತು ಸೇರಿಸಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಕೇಳಿದಳು:

"ಇದಾದ್ರೂ ಖರೆ ಅಂತ ಯಾರ ಹೇಳಬೇಕೋ?"

ಹೇಳಬೇಕಾದವರನ್ನು ಆಗಷ್ಟೇ ಸುಟ್ಟು ಬಂದಿದ್ದೆ.