ಪೆಟ್ಟಾದದ್ದು ಹೊರಗೆ ಹೋಗುವುದಿಲ್ಲ

ಮೊನ್ನೆ ಮನೆಯ ಕಿಟಕಿಗೆ ಬಣ್ಣ ಹೊಡೆಯಲು ಬಂದವರು ಟರ್ಪಂಟೈನ್ ಡಬ್ಬಿಯ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮೀನಿನ ಶೆಡ್ಡಿನ ಅಕ್ಕ ನೆನಪಾದಳು. ಕೈಯಲ್ಲಿದ್ದ ಚಹಾ ಹಾಗೇ ಆರಿತು…

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಫ್ಲೆಕ್ಸ್ ಇನ್ನೂ ನಮ್ಮ ಅನ್ನ ಕಿತ್ತುಕೊಂಡಿರಲಿಲ್ಲ. ನಾನು ಬೈಂದೂರಿನಲ್ಲಿ ಬೋರ್ಡ್ ಬರೆಯುತ್ತಿದ್ದೆ. ಕಡಲ ಬದಿಯಲ್ಲಿ ಮೀನಿನ ಶೆಡ್ ಇಟ್ಟಿದ್ದ ಸಾಹುಕಾರರೊಬ್ಬರು ಒಂದು ಬೆಳಿಗ್ಗೆ ಕರೆಸಿದರು. ಪರವೂರಿನ ದೊಡ್ಡ ವ್ಯಾಪಾರಿಗಳು ಮಧ್ಯಾಹ್ನ ಶೆಡ್ ನೋಡಲು ಬರುವವರಿದ್ದರು.

"ಕಂಪ್ನಿ ಅಂದ್ಮೇಲ್ ಗೋಡಿ ಮೇಲ್ ಒಂದ್ ಧ್ಯೇಯ ಬರೀಕ್ ಅಂಬ್ರ್ ಮಾರಾಯ. ಎಂತಾರೂ ಬರಿ" ಎಂದರು.

'ಗ್ರಾಹಕರೇ ದೇವರು' ಎಂದೆ. ಅದು ಸೆಲೂನಿನಲ್ಲೂ ಇದೆ ಎಂದು ಮುಖ ಸಿಂಡರಿಸಿದರು. ಕೊನೆಗೆ ಅವರ ಬಾಯಿಂದಲೇ ಮಾತು ಬಂತು: ಪೆಟ್ಟಾದದ್ದು ಇಲ್ಲಿಂದ ಹೊರಗೆ ಹೋಗುವುದಿಲ್ಲ. ಪೆಟ್ಟಾದದ್ದು ಎಂದರೆ ಕ್ರೇಟ್ ಎತ್ತಿಹಾಕುವಾಗ ಜಜ್ಜಿಹೋದ ಮೀನು. ಮೀನಿನ ಶೆಡ್ಡಿನಲ್ಲಿ 'ಮೀನು' ಎಂದು ಬೇರೆ ಬರೆಯಬೇಕೇ ಅಂದುಕೊಂಡು ಇಬ್ಬರೂ ಆ ಪದವನ್ನೇ ಬಿಟ್ಟೆವು.

ಅಕ್ಕ ಅಲ್ಲಿ ಮೀನು ಹೆಕ್ಕಿ ಬೇರೆ ಮಾಡುವ ಹೆಂಗಸರಿಗೆಲ್ಲ ಹಿರಿಯಳು. ಅವಳ ತಮ್ಮ ಕ್ರೇಟ್ ಹೊರುತ್ತಿದ್ದ. ಓದು ಬಾರದ ಅವಳು ಗೋಡೆಯ ಮೇಲೆ ಎಂತ ಬರೆಯುವುದೆಂದು ಕೇಳಿದಳು, ಹೇಳಿದೆ. ಅವಳು ಪಕ್ಕನೆ ನಕ್ಕು, ನೀಲಿಗಟ್ಟಿದ ತೋಳು ತೋರಿಸಿದಳು. ಸಾಹುಕಾರರ ಕೈ ಯಾವತ್ತೂ ಅವರ ಬಾಯಿಗಿಂತ ಮುಂದು.

"ಹಾಂಗಾರ್ ನಾವ್ ಯಾರೂ ಹೊರಗ್ ಹೋಪುಕಿಲ್ಲ ಅನ್ನಿ!"

ನಾನೂ ನಕ್ಕೆ. ಅರ್ಧ ಗಂಟೆಯೂ ಕಳೆದಿರಲಿಲ್ಲ, ತಮ್ಮನ ಕೈಜಾರಿ ದುಬಾರಿ ಅಂಜಲ್ ಮೀನಿನ ಕ್ರೇಟ್ ಸಿಮೆಂಟಿನ ಮೇಲೆ ಬಿತ್ತು. ಸಾಹುಕಾರರು ಐಸ್ ಒಡೆಯುವ ಮರದ ಸುತ್ತಿಗೆ ಎತ್ತಿಕೊಂಡರು. ಮೊದಲ ಏಟು ಹೆಗಲಿಗೆ, ಎರಡನೆಯದು ಕಣ್ಣಿಗೆ. ಸುತ್ತಿಗೆ ಬಿಸಾಡಿ, ಬಿದ್ದವನ ಪಕ್ಕೆಗೆ ಒದ್ದರು, ಮತ್ತೆ ಒದ್ದರು. ಐಸ್ ನೀರು ಕೆಂಪಾಗಿ ನನ್ನ ಕಾಲಡಿಗೆ ಹರಿದು ಬಂತು. ನಾನು ಗೋಡೆಯ ಕಡೆ ತಿರುಗಿ ನಿಂತೆ.

"ಗೇಟ್ ಹಾಕಿ! ಅವ್ರ್ ಬಂದ್ ಹೋಪಲ್ಲಿವರಿಗೆ ಇವ್ನ್ ಇಲ್ಲೇ ಬಿದ್ಕಂಡಿರ್ಲಿ" ಎಂದು ಸಾಹುಕಾರರು ಕೂಗಿದರು. ಬೀಗ ಬಿತ್ತು.

ಅಕ್ಕ ಓಡಿ ಬಂದು ನನ್ನ ಅಂಗಿ ಹಿಡಿದಳು. "ಪೇಂಟರೇ, ನಿಮ್ಮ್ ಬೈಕ್ ಇತ್ತಲ್ದಾ? ಆಸ್ಪತ್ರಿಗ್ ಹೋಪ. ಇವ್ನ್ ಜೀವ ಹೋತ್ತ್!"

"ಇನ್ನೆರಡೇ ಅಕ್ಷರ ಬಾಕಿ" ಎಂದೆ. ನಿಜವಾಗಿಯೂ ಹಾಗೆಂದೆ. ನನ್ನಂಥ ಹೇಡಿ ಇನ್ನೊಬ್ಬನಿರಲಾರ.

ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಬಿದ್ದಿದ್ದ ಸುತ್ತಿಗೆ ಎತ್ತಿ ಸಾಹುಕಾರರ ಮಣಿಕಟ್ಟಿಗೆ ಬಿಟ್ಟಳು. ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಮೂರೇ ಏಟಿಗೆ ಬೀಗ ಒಡೆದಳು. ತಮ್ಮನನ್ನು ಮೀನಿನ ಕೈಗಾಡಿಯ ಮೇಲೆ ಎಳೆದು ಹಾಕಿಕೊಂಡು, ಬರಿಗಾಲಿನಲ್ಲಿ ಹೈವೇ ಕಡೆಗೆ ತಳ್ಳಿಕೊಂಡು ಓಡಿದಳು. ನಾನು ಆ ಎರಡು ಅಕ್ಷರ ಬರೆದು ಮುಗಿಸಿದೆ… ತಮ್ಮ ಬದುಕಿದ, ಒಂದು ಕಣ್ಣು ಹೋಯಿತು ಎಂದು ಆಮೇಲೆ ಯಾರೋ ಹೇಳಿದರು.

ಮೊನ್ನೆ ಆ ವಾಸನೆ ಬಡಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಕ್ಷಮೆ ಕೇಳಿಬಿಡೋಣವೆಂದು ಬಿಜೂರಿಗೆ, ಅಕ್ಕ-ತಮ್ಮನ ಮನೆಗೆ ಹೋದೆ. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಜಗಲಿಯಲ್ಲಿ ತಮ್ಮ ಕೂತಿದ್ದ. ಗುರುತು ಹೇಳಿದ್ದೇ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

"ಅಕ್ಕ ನಿಮ್ಮನ್ ಕರ್ದದ್ ಒಂದ್ ಕೇಂಡಿತ್ತ್, ಆಮೇಲ್ ನಂಗ್ ಎಂತದೂ ಗೊತ್ತಿಲ್ಲ. ನಿಮ್ಮ್ ಬೈಕ್ ಇದ್ದದ್ಕೇ ನಾನ್ ಉಳ್ದದ್ ಅಲ್ದಾ?"

ಇಷ್ಟು ವರ್ಷ ಅವಳು ಅವನಿಗೆ ನಿಜ ಹೇಳಿಯೇ ಇರಲಿಲ್ಲ. ಉಳಿದ ಒಂದೇ ಕಣ್ಣಿನಿಂದ ಅವನು ನನ್ನನ್ನು ನೋಡುತ್ತಿದ್ದ. ಅಲ್ಲ ಎನ್ನಲು ಬಾಯಿ ತೆರೆದೆ.

"ಹೂಂ" ಎಂದೆ.